ಎಸ್‌ಜಿಡಬ್ಲ್ಯು-ಯು, ಯುಪಿಎಫ್ ಬೇರೆ ಸರ್ವರ್‌ಗೆ ಹಾಕಿದ ಮೇಲೆ ಫೋನಿಗೆ ಐಪಿ ಬರುತ್ತದೆ, ಡೇಟಾ ಮಾತ್ರ ಇಲ್ಲ

ಕೋರ್‌ಲ್ಯಾಬ್ ಕೇಳಿದ್ದು:

ನಮಸ್ಕಾರ. ಕಾರ್ಖಾನೆಯೊಂದರ ಖಾಸಗಿ 4ಜಿ ನೆಟ್‌ವರ್ಕ್, ಕೋರ್ (ನೆಟ್‌ವರ್ಕ್‌ನ ಕೇಂದ್ರ ಭಾಗ) ಓಪನ್‌5ಜಿಎಸ್ ಎಂಬ ಮುಕ್ತ ತಂತ್ರಾಂಶ. ಕಂಟ್ರೋಲ್ ಕಡೆಯ ಭಾಗಗಳಾದ ಎಂಎಂಇ, ಎಸ್‌ಜಿಡಬ್ಲ್ಯು-ಸಿ, ಎಸ್‌ಎಂಎಫ್ ಡೇಟಾ ಸೆಂಟರ್‌ನಲ್ಲೇ ಇವೆ. ಕ್ಯಾಮೆರಾ ವಿಡಿಯೊ ಅಲ್ಲಿಯವರೆಗೆ ಹೋಗಿ ಬರುವುದು ತಪ್ಪಲಿ ಎಂದು ಬಳಕೆದಾರರ ಡೇಟಾ ಸಾಗಿಸುವ ಎಸ್‌ಜಿಡಬ್ಲ್ಯು-ಯು ಮತ್ತು ಯುಪಿಎಫ್ ಎರಡನ್ನೂ ಕಾರ್ಖಾನೆಯ ಒಂದೇ ಸರ್ವರ್‌ಗೆ ತಂದಿದ್ದೇವೆ. ಎಂಎಂಇ ಬಿಟ್ಟು ಉಳಿದ ನಾಲ್ಕೂ ಕಾನ್ಫಿಗ್ ಫೈಲ್‌ಗಳಲ್ಲಿ ಪಿಎಫ್‌ಸಿಪಿ (ಈ ಎರಡು ಕಡೆಗಳ ನಡುವಿನ ಪ್ರೋಟೊಕಾಲ್) ವಿಳಾಸ ಬದಲಿಸಿದ್ದಾಯಿತು. ಅಸೋಸಿಯೇಷನ್ (ಎರಡೂ ಕಡೆಯ ಜೋಡಣೆ) ಆಗಿದೆ, ಹಾರ್ಟ್‌ಬೀಟ್ (ಆ ಕಡೆ ಜೀವಂತವಿದೆಯೇ ಎಂಬ ನಿಯತ ವಿಚಾರಣೆ) ತಪ್ಪುತ್ತಿಲ್ಲ. ಫೋನ್ ಅಟ್ಯಾಚ್ ಆಗಿ 10.45 ಸರಣಿಯ ಐಪಿ ಪಡೆಯುತ್ತದೆ. ಆದರೆ 8.8.8.8ಕ್ಕೆ ಪಿಂಗ್ ಹೋಗುವುದಿಲ್ಲ, ಯುಪಿಎಫ್‌ನಿಂದ ಡೇಟಾ ಹೊರಬೀಳುವ ಓಜಿಎಸ್‌ಟನ್ ಇಂಟರ್‌ಫೇಸ್‌ನಲ್ಲಿ ಒಂದು ಪ್ಯಾಕೆಟ್ಟೂ ಕಾಣುತ್ತಿಲ್ಲ. ಐಪಿ ಫಾರ್ವರ್ಡಿಂಗ್, ನ್ಯಾಟ್ (ಐಪಿ ವಿಳಾಸ ಬದಲಿಸುವ) ರೂಲ್ ಎರಡೂ ಇವೆ.

ಜೊತೆಗೆ ದೂರದ ಗೋದಾಮಿನ ಇನೋಡ್‌ಬಿ (4ಜಿ ಬೇಸ್ ಸ್ಟೇಷನ್) ವೈರ್‌ಗಾರ್ಡ್ ವಿಪಿಎನ್ ಮೂಲಕ ಇದೇ ಸರ್ವರ್‌ಗೆ ಬರಬೇಕು. ಅದಕ್ಕೆ ಪ್ರತ್ಯೇಕವಾಗಿ ಏನಾದರೂ ಬೇಕೇ?

ಟನಲ್‌ಪಥ:

ನ್ಯಾಟ್ ಬಿಡಿ ಸರ್, ಅದರ ಸರದಿ ಬರುವುದು ಓಜಿಎಸ್‌ಟನ್ ದಾಟಿದ ಮೇಲೆ. ಅಲ್ಲಿಗೇ ಏನೂ ಬರುತ್ತಿಲ್ಲ ಎಂದರೆ ಪ್ಯಾಕೆಟ್ ಇನೋಡ್‌ಬಿಯಿಂದ ಯುಪಿಎಫ್‌ವರೆಗಿನ ದಾರಿಯಲ್ಲೇ ನಿಂತಿದೆ. ಪಿಎಫ್‌ಸಿಪಿ ವಿಳಾಸ ಬದಲಿಸಿದ್ದು ಹೇಳಿದಿರಿ, ಜಿಟಿಪಿ-ಯು ವಿಳಾಸದ ಮಾತೇ ಬರಲಿಲ್ಲ. ನನ್ನ ಅನುಮಾನ ಅಲ್ಲೇ.

ಎರಡೂ ಬೇರೆ ಬೇರೆ ಸಂಗತಿ. ಪಿಎಫ್‌ಸಿಪಿ ಯುಡಿಪಿ 8805ರಲ್ಲಿ ಓಡುತ್ತದೆ, ಕಂಟ್ರೋಲ್ ಕಡೆಯವರು ಡೇಟಾ ಕಡೆಯವರಿಗೆ ನಿಯಮ ಹೇಳುವ ದಾರಿ ಅದು. ಬಳಕೆದಾರರ ಡೇಟಾ ಹರಿಯುವುದು ಯುಡಿಪಿ 2152ರ ಜಿಟಿಪಿ-ಯು ಟನಲ್‌ನಲ್ಲಿ. ಆ ಟನಲ್‌ನ ತುದಿ ಎಲ್ಲಿದೆ ಎಂದು ಇನೋಡ್‌ಬಿಗೆ ತಿಳಿಸುವವರೂ ಕಂಟ್ರೋಲ್ ಕಡೆಯವರೇ. ಅಟ್ಯಾಚ್ ಆಗುವಾಗ ಎಂಎಂಇ ಬಳಿ ಎಸ್1ಎಪಿ (ಎಂಎಂಇ, ಇನೋಡ್‌ಬಿ ನಡುವಿನ ಸಂದೇಶಗಳ) ಕ್ಯಾಪ್ಚರ್ ತೆಗೆಯಿರಿ. ಇನಿಶಿಯಲ್ ಕಾಂಟೆಕ್ಸ್ಟ್ ಸೆಟಪ್ ರಿಕ್ವೆಸ್ಟ್ ಬಿಚ್ಚಿ ಟ್ರಾನ್ಸ್‌ಪೋರ್ಟ್ ಲೇಯರ್ ಅಡ್ರೆಸ್ ನೋಡಿ. ಅಲ್ಲಿ 127.0.0.6 ಇದ್ದರೆ ಕಾರಣ ಸಿಕ್ಕಿತು. ಅದು ಎಸ್‌ಜಿಡಬ್ಲ್ಯು-ಯು ಫೈಲ್‌ನಲ್ಲಿ ಮೊದಲಿನಿಂದ ಇರುವ ಲೂಪ್‌ಬ್ಯಾಕ್ ವಿಳಾಸ. ಇನೋಡ್‌ಬಿ ಅದನ್ನೇ ನಂಬಿ ಪ್ಯಾಕೆಟ್‌ಗಳನ್ನು ತನಗೇ ಕಳಿಸಿಕೊಳ್ಳುತ್ತದೆ.

ಎಸ್‌ಜಿಡಬ್ಲ್ಯು-ಯು ಫೈಲ್‌ನ ಜಿಟಿಪಿ-ಯು ಭಾಗದಲ್ಲಿ ಇನೋಡ್‌ಬಿಗೆ ಮುಟ್ಟುವಂಥ ಲ್ಯಾನ್ ವಿಳಾಸ ಕೊಡಿ. ನಡುವೆ ನ್ಯಾಟ್ ಇದ್ದರೆ ಹೊರಗೆ ತೋರಿಸಬೇಕಾದ ವಿಳಾಸವನ್ನು ಅಡ್ವರ್ಟೈಸ್ ಸಾಲಿನಲ್ಲಿ ಬರೆಯಿರಿ. ಇನ್ನೊಂದು ವಿಷಯ: ಎಸ್‌ಜಿಡಬ್ಲ್ಯು-ಯು, ಯುಪಿಎಫ್ ಎರಡಕ್ಕೂ 2152 ಮತ್ತು 8805 ಬೇಕು. ಒಂದೇ ಯಂತ್ರವಾದ್ದರಿಂದ ನೆಟ್‌ವರ್ಕ್ ಕಾರ್ಡ್‌ಗೆ ಎರಡು ಐಪಿ ಹಾಕಿ ಒಂದೊಂದಕ್ಕೆ ಒಂದೊಂದು ಕೊಡಿ. ಇಲ್ಲದಿದ್ದರೆ ಎರಡನೆಯದು ಪೋರ್ಟ್ ಸಿಗದೆ ಏಳುವುದೇ ಇಲ್ಲ.

ಆಮೇಲೆ ಸರ್ವರ್‌ನಲ್ಲಿ 2152 ಹಿಡಿದು ನೋಡಿ. ಅಪ್‌ಲಿಂಕ್ ಪ್ಯಾಕೆಟ್ ಬಂದು, ಉತ್ತರವಾಗಿ ಟೈಪ್ 26ರ ಎರರ್ ಇಂಡಿಕೇಶನ್ ಹೋಗುತ್ತಿದ್ದರೆ ವಿಳಾಸ ಸರಿಯಿದೆ, ಟಿಇಐಡಿ (ಟನಲ್‌ನ ಗುರುತಿನ ಸಂಖ್ಯೆ) ಮಾತ್ರ ಆ ಕಡೆಗೆ ಗೊತ್ತಿಲ್ಲ ಎಂದರ್ಥ. ಸಾಮಾನ್ಯವಾಗಿ ಎಸ್‌ಜಿಡಬ್ಲ್ಯು-ಯು ನಡುವೆ ರೀಸ್ಟಾರ್ಟ್ ಆಗಿ ಸೆಷನ್ ಅಳಿಸಿಹೋದಾಗ ಹೀಗಾಗುತ್ತದೆ.

ಬೈಟ್‌ಲೆಕ್ಕ:

ಗೋದಾಮಿನ ವಿಷಯಕ್ಕೆ: ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಈಗಲೇ ಸರಿಮಾಡಿ. ಇಲ್ಲದಿದ್ದರೆ ಪಿಂಗ್ ಹೋಗುತ್ತದೆ, ವಾಟ್ಸ್ಆ್ಯಪ್ ಮೆಸೇಜ್ ಹೋಗುತ್ತದೆ, ದೊಡ್ಡ ಪುಟ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ರೇಡಿಯೊ ಸಿಗ್ನಲ್ ದೂರುತ್ತ ಎಲ್ಲರೂ ದಿನಗಟ್ಟಲೆ ಕಳೆಯುವುದು ಇಂಥದ್ದರಲ್ಲೇ.

ಲೆಕ್ಕ ಹೀಗೆ. ಜಿಟಿಪಿ-ಯು ಹೊದಿಕೆ 36 ಬೈಟ್: ಐಪಿವಿ4ಗೆ 20, ಯುಡಿಪಿಗೆ 8, ಜಿಟಿಪಿಗೆ 8. ವೈರ್‌ಗಾರ್ಡ್ ಇಂಟರ್‌ಫೇಸ್‌ನ ಎಂಟಿಯು ಸಾಮಾನ್ಯವಾಗಿ 1420. ಒಳಗೆ ಉಳಿಯುವುದು 1384. ಎಸ್‌ಎಂಎಫ್ ಫೈಲ್ ಫೋನಿಗೆ ಹೇಳುವುದು 1400, ಅಂದರೆ 16 ಬೈಟ್ ಜಾಸ್ತಿ. ಆಗ ಹೊರಗಿನ ಪ್ಯಾಕೆಟ್ ತುಂಡಾಗುತ್ತದೆ, ಇಲ್ಲವೇ ಬಿದ್ದುಹೋಗುತ್ತದೆ. ತುಂಡು ಮಾಡದಂತೆ ಹೇಳಿ ಪಿಂಗ್ ಮಾಡಿ ನೋಡಿ: ಪೇಲೋಡ್ 1356 (1384ರಲ್ಲಿ ಪಿಂಗ್‌ನ ಹೆಡರ್‌ಗಳ 28 ಕಳೆದು) ದಾಟಬೇಕು, ಹೊರಗಿನ ಪ್ಯಾಕೆಟ್ ತುಂಡಾಗದಿದ್ದರೆ 1357 ನಿಲ್ಲಬೇಕು.

ಮೊಬೈಲ್ ಮಾನದಂಡ ಸಂಸ್ಥೆ 3ಜಿಪಿಪಿಯ ದಾಖಲೆಗಳು ಸೂಚಿಸುವ 1358 ಇಲ್ಲಿ ಸರಿಹೊಂದುತ್ತದೆ. ಎಸ್‌ಎಂಎಫ್‌ನಲ್ಲೂ ಓಜಿಎಸ್‌ಟನ್‌ನಲ್ಲೂ ಅದನ್ನೇ ಹಾಕಿ, ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆಯಿರಿ. ಹೊಸ ಮೌಲ್ಯ ತಲುಪುವುದು ಹೊಸ ಸೆಷನ್‌ಗೆ ಮಾತ್ರ. ಹೇಳಿದ ಎಂಟಿಯು ಪಾಲಿಸದ ಸಾಧನಗಳೂ ಇರುತ್ತವೆ, ಹಾಗಾಗಿ ಟಿಸಿಪಿ ಎಂಎಸ್‌ಎಸ್ (ಟಿಸಿಪಿ ಒಂದು ಪ್ಯಾಕೆಟ್‌ನಲ್ಲಿ ಹೊರುವ ಗರಿಷ್ಠ ಡೇಟಾ) ಅನ್ನು 1318ಕ್ಕೆ ಕಟ್ಟಿ. ಕ್ಯಾಮೆರಾ ಯುಡಿಪಿಯಲ್ಲಿ ವಿಡಿಯೊ ಕಳಿಸಿದರೆ ಎಂಎಸ್‌ಎಸ್‌ನಿಂದ ಪ್ರಯೋಜನವಿಲ್ಲ, ಕ್ಯಾಮೆರಾದಲ್ಲೇ ಪ್ಯಾಕೆಟ್ ಗಾತ್ರ ಇಳಿಸಬೇಕು.

ಕೋರ್‌ಲ್ಯಾಬ್:

ಇಬ್ಬರಿಗೂ ಧನ್ಯವಾದ. ಎಸ್1ಎಪಿಯಲ್ಲಿ 127.0.0.6 ಕಂಡಿತು. ಲ್ಯಾನ್ ವಿಳಾಸ ಕೊಟ್ಟ ಕೂಡಲೇ ಪಿಂಗ್ ಬಂತು. ಇನ್ನೊಂದು ಪ್ರಶ್ನೆ: ಡೇಟಾ ಸೆಂಟರ್ ಫೈರ್‌ವಾಲ್‌ನವರು 8805 ಅನ್ನು ಹೊರಹೋಗುವ ದಿಕ್ಕಿಗೆ ಮಾತ್ರ ತೆರೆಯುತ್ತೇವೆ ಎನ್ನುತ್ತಾರೆ. ಸಾಕೇ?

ಟನಲ್‌ಪಥ:

ಸಾಲದು ಸರ್, ಎರಡೂ ದಿಕ್ಕು ಬೇಕೇಬೇಕು. ಸೆಷನ್ ಕಟ್ಟುವುದು ಡೇಟಾ ಸೆಂಟರ್ ಕಡೆಯಿಂದ ಶುರುವಾಗುವುದರಿಂದ ಮೊದಮೊದಲು ಎಲ್ಲ ಸರಿ ಕಾಣುತ್ತದೆ. ಆದರೆ ಸೆಷನ್ ರಿಪೋರ್ಟ್ ಹುಟ್ಟುವುದು ಕಾರ್ಖಾನೆ ಕಡೆ. ಫೋನ್ ಐಡಲ್‌ಗೆ ಹೋದಾಗ ಎಸ್‌ಜಿಡಬ್ಲ್ಯು-ಸಿ ಆ ಫೋನಿನ ಫಾರ್ವರ್ಡಿಂಗ್ ನಿಯಮವನ್ನು 'ಬಫರ್ ಮಾಡು, ನನಗೆ ತಿಳಿಸು' ಎಂದು ಬದಲಿಸುತ್ತದೆ. ಡೌನ್‌ಲಿಂಕ್ ಪ್ಯಾಕೆಟ್ ಬಂದಾಗ ಎಸ್‌ಜಿಡಬ್ಲ್ಯು-ಯು ಕಳಿಸುವ ರಿಪೋರ್ಟ್ ನೋಡಿಯೇ ಎಸ್‌ಜಿಡಬ್ಲ್ಯು-ಸಿ ಎಂಎಂಇಗೆ ಹೇಳುವುದು, ಎಂಎಂಇ ಪೇಜಿಂಗ್ ಮಾಡುವುದು, ಅಂದರೆ ಫೋನನ್ನು ಕರೆದು ಎಬ್ಬಿಸುವುದು. ರಿಪೋರ್ಟ್ ಫೈರ್‌ವಾಲ್‌ನಲ್ಲಿ ನಿಂತರೆ ಫೋನ್ ತಾನಾಗಿ ಎಚ್ಚರವಾಗುವ ತನಕ ಒಳಬರುವ ಡೇಟಾ ಇಲ್ಲ. ಕೆಲವು ಫೈರ್‌ವಾಲ್‌ಗಳಲ್ಲಿ ಹಾರ್ಟ್‌ಬೀಟ್‌ನ ದೆಸೆಯಿಂದ ದಾರಿ ತೆರೆದೇ ಇದ್ದು ಕೆಲಸ ನಡೆದೀತು, ಅದನ್ನು ನೆಚ್ಚಿಕೊಳ್ಳಬೇಡಿ. ಕೋರಿಕೆ ಕಳಿಸುವವರು ಯಾವ ಸೋರ್ಸ್ ಪೋರ್ಟನ್ನಾದರೂ ಬಳಸಬಹುದು, ಡೆಸ್ಟಿನೇಶನ್ ಮಾತ್ರ 8805. ರೂಲ್ ಬರೆಯುವಾಗ ಸೋರ್ಸ್ ಪೋರ್ಟ್ ಕಟ್ಟಬೇಡಿ, ಐಪಿ ಮಾತ್ರ ಕಟ್ಟಿ.

ಹಾರ್ಟ್‌ಬೀಟ್‌ನಲ್ಲಿ ರಿಕವರಿ ಟೈಮ್‌ಸ್ಟ್ಯಾಂಪ್ ಇರುತ್ತದೆ, ಅದರ ಮೇಲೂ ಕಣ್ಣಿಡಿ. ಅದು ಬದಲಾದರೆ ಆ ಕಡೆ ರೀಸ್ಟಾರ್ಟ್ ಆಗಿದೆ, ಹಳೆಯ ಸೆಷನ್‌ಗಳು ಹೋಗಿವೆ ಎಂದು ತಿಳಿಯಬೇಕು. ಯುಪಿಎಫ್ ರೀಸ್ಟಾರ್ಟ್ ಮಾಡುವ ಕೆಲಸವನ್ನು ಶಿಫ್ಟ್ ಬದಲಾಗುವ ಹೊತ್ತಿಗೆ ಇಟ್ಟುಕೊಳ್ಳಿ.