ಚೆಸ್ ಪ್ರೋಗ್ರಾಮಿನಲ್ಲಿ 2ಡಿ ಬೋರ್ಡಾ, 3ಡಿ ಬೋರ್ಡಾ? 3ಡಿಯಲ್ಲಿ ಹಿಂದಿನ ಸಾಲು ಕಾಣೋದೇ ಇಲ್ಲ

ಪೇದೆ_ಇ4:
ಆಟ, ಪಜಲ್ ಎಲ್ಲ ಇಷ್ಟು ದಿನ ಚಪ್ಪಟೆ ಬೋರ್ಡಿನಲ್ಲೇ. ಈಗ ಮರದ ಬೋರ್ಡಿನ ಟೂರ್ನಿಗೆ ತಯಾರಿ ನಡೆದಿದೆ, ಕಣ್ಣಿಗೆ ರೂಢಿಯಾಗಲಿ ಅಂತ 3ಡಿಗೆ ಬದಲಾಯಿಸಿದ್ದು. ಎದುರಾಳಿಯ ಕೊನೇ ಸಾಲು ಪೇದೆಗಳ ಮರೆಗೆ ಹೋಗುತ್ತೆ, ಒಂಟೆ ಯಾವುದು ಪೇದೆ ಯಾವುದು ಥಟ್ಟನೆ ಗೊತ್ತಾಗಲ್ಲ. ಕಾಯಿಯ ಮೇಲೆ ಕ್ಲಿಕ್ ಮಾಡಿದರೆ ಅದರ ಹಿಂದಿನ ಮನೆ ಆಯ್ಕೆಯಾಗುತ್ತೆ. ಇದು ಸೆಟ್ಟಿಂಗ್ ತೊಂದರೆಯಾ ಅಥವಾ 3ಡಿ ಹಣೆಬರಹವೇ ಇಷ್ಟಾ? ಟೂರ್ನಿಗೆ ಇದರಿಂದ ನಿಜವಾಗಿ ಲಾಭ ಇದೆಯಾ?

ಆನೆಸಾಲು:
ಮರೆಯಾಗೋದು ಕ್ಯಾಮೆರಾ ಕೋನದ ಸಮಸ್ಯೆ, ಲೆಕ್ಕ ಹಾಕಿದರೆ ಗೊತ್ತಾಗುತ್ತೆ.

ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ಶಿಫಾರಸಿನ ಪ್ರಕಾರ ರಾಜನ ಎತ್ತರ 9.5 ಸೆಂ.ಮೀ., ರಾಣಿ 8.5, ಒಂಟೆ 7, ಕುದುರೆ 6, ಆನೆ 5.5, ಪೇದೆ 5. ಮನೆಯ ಅಗಲ 5ರಿಂದ 6 ಸೆಂ.ಮೀ.; 5.5 ಅಂತ ಇಟ್ಟುಕೊಳ್ಳಿ. 3ಡಿ ಸೆಟ್‌ಗಳೂ ಹೆಚ್ಚುಕಮ್ಮಿ ಇದೇ ಅನುಪಾತದಲ್ಲಿರುತ್ತವೆ. ಕ್ಯಾಮೆರಾ ಬೋರ್ಡನ್ನು ಅದರ ಮಟ್ಟದಿಂದ 30 ಡಿಗ್ರಿ ಮೇಲಿಂದ ನೋಡಿದರೆ ರಾಜನ ತಲೆ ತಾನು ನಿಂತ ಜಾಗದಿಂದ ಹಿಂದಕ್ಕೆ ಮೂರು ಮನೆಯಷ್ಟು ದೂರ ಮುಚ್ಚುತ್ತದೆ. 45 ಡಿಗ್ರಿಯಲ್ಲಿ 1.7 ಮನೆ. 60ಕ್ಕೆ ಏರಿಸಿದರೆ ಒಂದೇ ಮನೆ. ಪೇದೆಯದ್ದು 45ರಲ್ಲಿ 0.9 ಮನೆ, 60ರಲ್ಲಿ ಅರ್ಧ ಮನೆ, ಅಂದರೆ ತನ್ನ ಮನೆಯ ಗಡಿ ದಾಟಲ್ಲ. ಹಾಗಾಗಿ 60ರಿಂದ 65ರ ನಡುವೆ ಇಡಿ.

ಹಾಗಂತ 90ಕ್ಕೆ ಎಳೆಯಬೇಡಿ. ನೇರ ಮೇಲಿಂದ ನೋಡಿದರೆ ಕುದುರೆ ಬಿಟ್ಟು ಮಿಕ್ಕಿದ್ದೆಲ್ಲ ದುಂಡನೆ ಬಿಲ್ಲೆಗಳು. ಒಂಟೆ-ಪೇದೆ ಗೊಂದಲ ಇನ್ನೂ ಹೆಚ್ಚುತ್ತೆ. 75 ದಾಟಿದ ಮೇಲೆ 3ಡಿ ಸೆಟ್ ಇಟ್ಟುಕೊಂಡು ಪ್ರಯೋಜನ ಇಲ್ಲ.

ಇನ್ನೊಂದು ವಿಷಯ, ಹೆಚ್ಚಿನವರು ಮುಟ್ಟದೇ ಬಿಡೋದು: ಕ್ಯಾಮೆರಾ ದೂರ. ಬೋರ್ಡಿನ ನಡುಭಾಗಕ್ಕೆ 60 ಡಿಗ್ರಿ ಇದ್ದರೂ ಎಲ್ಲ ಸಾಲಿಗೂ ಅದೇ ಕೋನ ಸಿಗಲ್ಲ. 44 ಸೆಂ.ಮೀ. ಬೋರ್ಡಿಗೆ ಕ್ಯಾಮೆರಾ 80 ಸೆಂ.ಮೀ. ದೂರದಲ್ಲಿದ್ದರೆ ನಿಮ್ಮ ಸಾಲು 73 ಡಿಗ್ರಿಯಲ್ಲಿ, ಎದುರಾಳಿಯ ಸಾಲು ಬರೀ 49ರಲ್ಲಿ ಕಾಣುತ್ತೆ. ಮರೆಯಾಗೋದು ಯಾವಾಗಲೂ ಆ ಕಡೆಯದೇ ಅನ್ನಿಸೋದು ಅದಕ್ಕೇ. ದೂರವನ್ನು ಎರಡರಷ್ಟು ಮಾಡಿ, ಜೂಮ್ ಹಾಕಿ ಬೋರ್ಡನ್ನು ಮತ್ತೆ ಪರದೆ ತುಂಬಿಸಿ: ಈಗ 66 ಮತ್ತು 54. ಪ್ರೋಗ್ರಾಮಿನಲ್ಲಿ ನೋಟದ ಅಗಲ ಡಿಗ್ರಿಯಲ್ಲಿ ಕೊಡುವ ಅವಕಾಶ ಇದ್ದರೆ ದೂರ ಹೆಚ್ಚಿಸಿದ ಮೇಲೆ 40ರ ಬದಲು 20 ಹಾಕಿ, ಜೂಮ್ ಕೆಲಸ ಅದೇ ಮಾಡುತ್ತೆ. ಆಚೆ ಅಂಚು ಮೊದಲು ಈಚೆ ಅಂಚಿನ ಮುಕ್ಕಾಲು ಭಾಗಕ್ಕೆ ಕುಗ್ಗಿದ್ದದ್ದು ಈಗ ಶೇ. 87ರಷ್ಟಾದರೂ ಉಳಿಯುತ್ತೆ.

ಕರಿಕುದುರೆ:
ಲೆಕ್ಕ ಸರಿ ಇದೆ ಸರ್, ಆದರೆ ಕೇಳಿದ ಕೊನೇ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನನ್ನ ಮಟ್ಟಿಗೆ ಟೂರ್ನಿ ತಯಾರಿಗೆ ಪರದೆಯ 3ಡಿಯಿಂದ ಲಾಭ ಬಹಳ ಕಮ್ಮಿ.

ನಿಜವಾದ ಬೋರ್ಡಿನ ಮುಂದೆ ಕೂತವರೂ ಸುಮಾರು 45 ಡಿಗ್ರಿಯಲ್ಲೇ ನೋಡೋದು. ಆದರೂ ಅಲ್ಲಿ ರಾಜನ ಹಿಂದಿನ ಕಾಯಿ ಮರೆತುಹೋಗಲ್ಲ, ಯಾಕೆ? ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ಬೀಳುತ್ತೆ, ಅದರಿಂದ ಆಳ ಗೊತ್ತಾಗುತ್ತೆ. ತಲೆ ಸ್ವಲ್ಪ ವಾಲಿಸಿದರೆ ಮರೆಯಲ್ಲಿದ್ದದ್ದು ಹೊರಬರುತ್ತೆ. ಪರದೆಯಲ್ಲಿ ಇವೆರಡೂ ಇಲ್ಲ. ಅಂದರೆ ಮರದ ಬೋರ್ಡಿನ ಕಷ್ಟ ಅಷ್ಟೂ ಬಂತು, ಅನುಕೂಲ ಒಂದೂ ಬರಲಿಲ್ಲ.

ಚಪ್ಪಟೆ ಬೋರ್ಡಿನ ಜಾಣತನ ನೋಡಿ: ಬೋರ್ಡು ನೇರ ಮೇಲಿಂದ ಕಂಡಂತೆ, ಕಾಯಿಗಳು ಮಾತ್ರ ಪಕ್ಕದಿಂದ ಕಂಡಂತೆ. ಲೋಕದಲ್ಲಿ ಎಲ್ಲೂ ಹೀಗೆ ಕಾಣಲ್ಲ, ಆದರೆ ಓದಲು ಇದಕ್ಕಿಂತ ಒಳ್ಳೆಯದು ಇಲ್ಲ. ಯಾವ ಕಾಯಿಯೂ ತನ್ನ ಮನೆ ಬಿಟ್ಟು ಹೊರಗೆ ಚಾಚಲ್ಲ, ಕರ್ಣ ಯಾವಾಗಲೂ ಸರಿಯಾಗಿ 45 ಡಿಗ್ರಿ. 3ಡಿಯಲ್ಲಿ ಉದ್ದನೆಯ ಕರ್ಣ ಅದುಮಿಕೊಂಡು ಅಡ್ಡಕ್ಕೆ ವಾಲುತ್ತೆ. ಎ1ರಿಂದ ಎಚ್8ಕ್ಕೆ ನೋಡುತ್ತಾ ಕೂತ ಒಂಟೆ ಕಣ್ಣು ತಪ್ಪೋದು ಅಲ್ಲೇ. ಬುಲೆಟ್, ಬ್ಲಿಟ್ಜ್ ಥರದ ಕೆಲವೇ ನಿಮಿಷದ ಆಟಕ್ಕೆ, ಪಜಲ್‌ಗೆ ಕಣ್ಣು ಮುಚ್ಚಿಕೊಂಡು 2ಡಿ.

ಟೂರ್ನಿಗೆ ಬೇಕಾದರೆ ಪ್ಲಾಸ್ಟಿಕ್ ಸೆಟ್ಟೇ ಸಾಕು, ರಾಜ 9.5 ಸೆಂ.ಮೀ. ಇರಲಿ. 15+10 (ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಹೆಚ್ಚುವರಿ) ಥರದ ನಿಧಾನ ಆಟ ಹಾಕಿಕೊಂಡು ಪರದೆಯ ಪಕ್ಕ ಆ ಬೋರ್ಡು ಇಡಿ. ಎದುರಾಳಿಯ ನಡೆಯನ್ನು ಮೊದಲು ಬೋರ್ಡಿನ ಮೇಲೆ ಆಡಿ, ಯೋಚನೆ ಪೂರ್ತಿ ಅಲ್ಲೇ ಮಾಡಿ, ನಿಮ್ಮ ನಡೆಯನ್ನು ಬೋರ್ಡಿನ ಮೇಲೆ ಆಡಿ, ಪರದೆಯಲ್ಲಿ ಒತ್ತಿ, ಆಮೇಲೆ ಹಾಳೆಯಲ್ಲಿ ಬರೆಯಿರಿ. ಪಜಲ್‌ನ ಸ್ಥಿತಿಯನ್ನೂ ಕೈಯಿಂದ ಜೋಡಿಸಿ ಬಿಡಿಸಬಹುದು. ಒಂದೇ ಎಚ್ಚರ: ಬೋರ್ಡಿನ ಮೇಲೆ ಕಾಯಿ ಸರಿಸಿ ಸರಿಸಿ ನೋಡೋ ಚಟ ಹತ್ತಬಾರದು, ಟೂರ್ನಿಯಲ್ಲಿ ಮುಟ್ಟಿದ ಕಾಯಿ ಆಡಲೇಬೇಕು. ರೇಟೆಡ್ ಆಟ ನಡೆಯುವಾಗಲಂತೂ ಬೋರ್ಡಿನ ಮೇಲೆ ಮುಂದಿನ ನಡೆಗಳನ್ನು ಆಡಿ ನೋಡಲೇಬೇಡಿ.

ಪೇದೆ_ಇ4:
ಇಬ್ಬರಿಗೂ ಧನ್ಯವಾದ. ಕ್ಲಿಕ್ ತಪ್ಪೋದರ ಬಗ್ಗೆ ಯಾರಾದರೂ ಹೇಳ್ತೀರಾ? ಲಿಚೆಸ್ ಅನ್ನೋ ಚೆಸ್ ಜಾಲತಾಣದಲ್ಲೂ ಹಾಗೇ ಆಗುತ್ತೆ. ಅಲ್ಲಿ ಕ್ಯಾಮೆರಾ ತಿರುಗಿಸುವ ಆಯ್ಕೆಯೇ ಕಾಣಲಿಲ್ಲ.

ಎಳೆದುಬಿಡು:
ಲಿಚೆಸ್‌ನದು ನಿಜವಾದ 3ಡಿ ಅಲ್ಲ, ಅದಕ್ಕೇ ಸಿಗಲಿಲ್ಲ. ಓರೆಯಾಗಿ ತೆಗೆದ ಬೋರ್ಡಿನ ಚಿತ್ರ, ಅದರ ಮೇಲೆ ಕಾಯಿಗಳ ಚಿತ್ರ, ಅಷ್ಟೇ. ಕೋನ ಬದಲಾಗಲ್ಲ. ಕ್ಲಿಕ್ ಬಿದ್ದಾಗ ಅದು ಕಾಯಿಯ ಆಕಾರ ನೋಡಲ್ಲ, ಬೋರ್ಡಿನ ಜಾಗವನ್ನು 8×8 ಭಾಗ ಮಾಡಿ ಯಾವ ಮನೆ ಅಂತ ಲೆಕ್ಕ ಹಾಕುತ್ತೆ. ರಾಣಿಯ ಕಿರೀಟ ಚಾಚಿರೋದು ಹಿಂದಿನ ಮನೆಯ ಜಾಗಕ್ಕೆ, ಆದ್ದರಿಂದ ಅಲ್ಲಿ ಒತ್ತಿದರೆ ಹಿಂದಿನ ಮನೆ. ಕಾಯಿಯ ಬುಡ ಒತ್ತಿ, ತಪ್ಪಲ್ಲ.

ಪೂರ್ತಿ 3ಡಿ ಇರುವ ಪ್ರೋಗ್ರಾಮುಗಳಲ್ಲಿ ಎರಡು ಥರ ಇದೆ. ಕೆಲವು ಕರ್ಸರ್‌ನಿಂದ ಹೊರಟ ಗೆರೆ ಮೊದಲು ಯಾವ ಕಾಯಿಗೆ ತಾಗುತ್ತೋ ಅದನ್ನು ಹಿಡಿಯುತ್ತವೆ, ಕೆಲವು ಆ ಗೆರೆ ಬೋರ್ಡಿಗೆ ತಾಗಿದ ಮನೆಯನ್ನು. ಮೊದಲನೇ ಥರದಲ್ಲಿ ಎತ್ತಿಕೊಳ್ಳೋದು ಸುಲಭ, ಇಡೋದು ಕಷ್ಟ: ಗುರಿಯ ಮನೆಯ ಮುಂದೆ ಎತ್ತರದ ಕಾಯಿ ಇದ್ದರೆ ಅದೇ ಅಡ್ಡ ಬರುತ್ತೆ. ಎಳೆದು ಬಿಡೋದಕ್ಕಿಂತ ಎರಡು ಕ್ಲಿಕ್‌ನಲ್ಲಿ ಆಡೋದು ಒಳ್ಳೆಯದು, ಕರ್ಸರ್ ಕೆಳಗಿನ ಮನೆ ಬೆಳಗುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಮ್ಯಾಕ್ ಜೊತೆ ಬರುವ ಚೆಸ್ ಪ್ರೋಗ್ರಾಮಿನಲ್ಲಾದರೆ ಬೋರ್ಡಿನ ಅಂಚು ಹಿಡಿದು ಎಳೆದರೆ ಕೋನ ಬದಲಾಗುತ್ತೆ.

ಆನೆಸಾಲು:
ಒಂಟೆ-ಪೇದೆ ಗೊಂದಲಕ್ಕೆ ಇನ್ನೆರಡು ಮಾತು. ಬೋರ್ಡಿನ ಪ್ರತಿಫಲನ ಆರಿಸಿ. ಹೊಳಪಿನ ಬೋರ್ಡಿನಲ್ಲಿ ಪ್ರತಿ ಕಾಯಿಗೂ ತಲೆಕೆಳಗಾದ ಜೋಡಿ ಮೂಡುತ್ತೆ, ಕಣ್ಣು ಅದನ್ನೂ ಎಣಿಸುತ್ತೆ. ನೆರಳು ಬೇಕು, ಆದರೆ ಬುಡದ ಸುತ್ತ ಮಾತ್ರ, ಪಕ್ಕದ ಮನೆಗೆ ಚಾಚಬಾರದು. ಅಚ್ಚ ಕಪ್ಪು ಕಾಯಿ ಕಡುಕಂದು ಮನೆಯ ಮೇಲೆ ನಿಂತರೆ ಅಂಚೇ ಕಾಣಲ್ಲ, ಆದ್ದರಿಂದ ಕಾಯಿ ಕಪ್ಪಾದರೆ ಮನೆ ಹಸಿರು ಮಾಡಿ. ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಆ್ಯಂಟಿ-ಏಲಿಯಾಸಿಂಗ್ 4x ಹಾಕಿ, ಒಂಟೆಯ ತಲೆಯ ಸೀಳು ಆಗ ಎದ್ದು ಕಾಣುತ್ತೆ. ಲ್ಯಾಪ್‌ಟಾಪ್ ಬಿಸಿಯಾದರೆ ಮೊದಲು ಫ್ರೇಮ್ ದರವನ್ನು 30ಕ್ಕೆ ಇಳಿಸಿ. ಎಂಜಿನ್ (ನಡೆ ಹುಡುಕುವ ಭಾಗ) ಕೂಡ ಅದೇ ಹೊತ್ತಿಗೆ ಲೆಕ್ಕ ಹಾಕುತ್ತಿದ್ದರೆ ಅದರ ಥ್ರೆಡ್ (ಒಟ್ಟೊಟ್ಟಿಗೆ ನಡೆಯುವ ಲೆಕ್ಕದ ಎಳೆ) ಒಂದೆರಡು ಕಮ್ಮಿ ಮಾಡಿ, ಇಲ್ಲದಿದ್ದರೆ ಕಾಯಿ ಸರಿಯುವಾಗ ತಡವರಿಸುತ್ತೆ.