ಕಡಿಮೆ ಖರ್ಚಿನಲ್ಲಿ ಮನೆಗೆ ಬೇಕಾದ್ದನ್ನು ಕೈಯಾರೆ ಮಾಡಿಕೊಳ್ಳುವವರು ನಿಮ್ಮ ಅನುಭವ ಹೇಳಿ

ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆಯವರು ಇದ್ದಾರೆ. ಕೈಯಿಂದ ಏನಾದರೂ ಮಾಡುವ ಆಸೆ ಎಲ್ಲರಿಗೂ ಇದೆ. ಆದರೆ ವಿಡಿಯೋದಲ್ಲಿ ತೋರಿಸುವ ಸಾಮಾನೆಲ್ಲ ಕೊಂಡರೆ, ಅಂಗಡಿಯಲ್ಲಿ ಸಿಗುವ ವಸ್ತುವಿಗಿಂತ ಖರ್ಚು ಜಾಸ್ತಿ ಆಗುತ್ತದೆ. ಮಾಡಿದ್ದು ಸುಮ್ನೆ ಶೋಕೇಸಿನಲ್ಲಿ ಕೂರಬಾರದು, ದಿನಾ ಬಳಕೆಗೆ ಬರಬೇಕು. ಹೊಲಿಗೆ ಮಷಿನ್ ಇಲ್ಲ. ನೀವೆಲ್ಲ ಏನೇನು ಮಾಡುತ್ತೀರಿ, ಯಾವುದು ಬಾಳಿಕೆ ಬಂತು, ಹೇಳ್ತೀರಾ?

*

ಮೊದಲು ವಿಡಿಯೋ ನೋಡಬೇಡಿ, ಮನೆ ನೋಡಿ. ಯಾವ ಡ್ರಾಯರ್ ತೆಗೆದರೂ ಎಲ್ಲ ಕಲಸಿಹೋಗಿದೆಯಾ? ಬಚ್ಚಲ ಬಾಗಿಲಲ್ಲಿ ಕಾಲೊರೆಸು ಬೇಕಾ? ಮಾಡುವ ವಸ್ತು ಅಲ್ಲಿಂದಲೇ ಹುಟ್ಟಬೇಕು. ಆಮೇಲೆ, ಎಸೆಯಲು ತೆಗೆದಿಟ್ಟ ರಾಶಿ ನೋಡಿ. ಇವೆರಡೂ ಕೂಡುವ ಕಡೆ ಮಾಡಿದ್ದು ಉಳಿಯುತ್ತದೆ. ನಮ್ಮ ಮನೆಯಲ್ಲಿ ಹಾಗೆ ಹುಟ್ಟಿದ್ದು ಹಳೆಯ ಟಿ-ಶರ್ಟಿನ ಕಾಲೊರೆಸು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಇದಕ್ಕೆ ಕತ್ತರಿ, ಸೂಜಿ, ದಾರ ಬಿಟ್ಟು ಬೇರೇನೂ ಬೇಡ.

ಕಾಟನ್ ಟಿ-ಶರ್ಟುಗಳನ್ನೇ ಆರಿಸಿಕೊಳ್ಳಿ, ಸಿಂಥೆಟಿಕ್ ನೀರು ಹೀರುವುದಿಲ್ಲ. ಕೆಳಗಿನ ಮಡಿಕೆ ಹೊಲಿಗೆ ತೆಗೆದುಹಾಕಿ. ಅಲ್ಲಿಂದ ತೋಳಿನವರೆಗೆ 2-3 ಸೆಂ.ಮೀ. ಅಗಲಕ್ಕೆ ಅಡ್ಡಡ್ಡ ಕತ್ತರಿಸುತ್ತಾ ಹೋದರೆ ಉಂಗುರದಂಥ ಪಟ್ಟಿಗಳು ಬರುತ್ತವೆ. ಒಂದು ಉಂಗುರದೊಳಗೆ ಇನ್ನೊಂದನ್ನು ತೂರಿಸಿ, ಆ ಎರಡನೆಯದರ ಒಂದು ತುದಿಯನ್ನು ಅದರದೇ ಇನ್ನೊಂದು ತುದಿಯೊಳಗಿಂದ ಹಾಯಿಸಿ ಎಳೆಯಿರಿ; ಹೀಗೆ ಸೇರಿಸುತ್ತಾ ಹೋದರೆ ಬೇರೆ ಗಂಟು ಹಾಕದೆ ಉದ್ದನೆಯ ಹಗ್ಗ ಆಗುತ್ತದೆ. ಜೋರಾಗಿ ಜಗ್ಗಿದಾಗ ಅಂಚು ತಾನೇ ಒಳಕ್ಕೆ ಸುರುಳಿಕೊಳ್ಳುತ್ತದೆ, ಹಾಗಾಗಿ ನೂಲು ಬಿಚ್ಚಿಕೊಳ್ಳುವ ಭಯ ಇಲ್ಲ. ಇಂಥ ಮೂರು ಹಗ್ಗ ಸೇರಿಸಿ ಜಡೆ ಹೆಣೆಯಿರಿ. ಜಡೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಸುತ್ತುತ್ತಾ, ಪಕ್ಕಪಕ್ಕದ ಸುತ್ತುಗಳನ್ನು ಗಟ್ಟಿ ದಾರದಿಂದ ಹೊಲಿಯಿರಿ. ಗುಟ್ಟಿರುವುದು ಇಲ್ಲೇ. ತೊಡೆಯ ಮೇಲಿಟ್ಟು ಹೊಲಿದರೆ, ಅಥವಾ ಸುತ್ತುವಾಗ ಬಿಗಿಯಾಗಿ ಎಳೆದರೆ, ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಜಡೆಯನ್ನು ಸಡಿಲವಾಗಿ, ಅದರ ಪಾಡಿಗೆ ಮಲಗಲು ಬಿಡಿ. ನುಣ್ಣನೆಯ ನೆಲವಾದರೆ ಅಡಿಗೆ ಜಾರದಂಥ ರಬ್ಬರ್ ಶೀಟಿನ ತುಂಡು ಹಾಕಲೇಬೇಕು, ಅತ್ತೆಯವರು ಓಡಾಡುವ ಜಾಗ ಅಲ್ವಾ.

ದುಡ್ಡು ಹಾಕುವುದಿದ್ದರೆ ಒಂದು ಒಳ್ಳೆಯ ಕತ್ತರಿಗೆ ಹಾಕಿ. ಆ ಕತ್ತರಿ ಬಟ್ಟೆಗೆ ಮಾತ್ರ. ಕಾಗದ ಕತ್ತರಿಸಿದರೆ ಅದರ ಹರಿತ ಬೇಗ ಹೋಗುತ್ತದೆ. ಕಾಗದಕ್ಕೆ ಯಾವುದಾದರೂ ಹಳೆಯದು ಸಾಕು.

*

ಮಷಿನ್ ಇಲ್ಲ ಎಂದು ಬೇಸರ ಬೇಡ. ದಾರ ಮೊಳದುದ್ದ ಇರಲಿ, ಅದಕ್ಕಿಂತ ಉದ್ದವಾದರೆ ಸಿಕ್ಕಾಗುತ್ತದೆ. ಭಾರ ಬೀಳುವ ಕಡೆ, ಅಂದರೆ ಚೀಲದ ಹಿಡಿ, ದಿಂಬಿನ ಅಂಚು ಇಂಥ ಕಡೆ, ಒಂದು ಹೊಲಿಗೆ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬಂದು ಹಾಕುವ ಹೊಲಿಗೆ ಹಾಕಿ. ಅದು ಸುಲಭಕ್ಕೆ ಬಿಡುವುದಿಲ್ಲ.

ನಾನು ಹಳೆಯ ಜೀನ್ಸಿನಿಂದ ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಮಾಡುತ್ತೇನೆ. ಹೊರಗೆ ಜೀನ್ಸ್, ಒಳಗೆ ಹಳೆಯ ಟವೆಲಿನ ಎರಡು ಪದರ. ಪೂರ್ತಿ ಕಾಟನ್ ಇರುವ ಬಟ್ಟೆ ಮಾತ್ರ ಬಳಸಿ, ಪಾಲಿಯೆಸ್ಟರ್ ಬಿಸಿಗೆ ಕರಗುತ್ತದೆ. ದಾರವೂ ಕಾಟನ್ನೇ ಇರಲಿ. ಒದ್ದೆಯಾಗಿದ್ದಾಗ ಅದರಿಂದ ಪಾತ್ರೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಬಿಸಿ ಬೇಗ ಕೈಗೆ ಬರುತ್ತದೆ.

*

ಮಕ್ಕಳ ಜೊತೆ ಮಾಡುವುದಾದರೆ ನನ್ನ ಓಟು ನೋಟ್‌ಬುಕ್ಕಿಗೆ. ಒಂದು ಬದಿ ಖಾಲಿ ಇರುವ ಹಾಳೆಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಎಂಟು ಹತ್ತು ಹಾಳೆ ಜೋಡಿಸಿ ನಡುವೆ ಮಡಚಿ, ಹೊರಗೆ ದಪ್ಪ ಕಾಗದದ ರಟ್ಟು ಇಡಿ. ಮಡಿಕೆಯ ಗೆರೆಯಲ್ಲಿ ಮೂರು ತೂತು, ಮಧ್ಯಕ್ಕೊಂದು, ಮೇಲೊಂದು, ಕೆಳಗೊಂದು. ಪುಸ್ತಕದ ಎತ್ತರಕ್ಕಿಂತ ಎರಡೂವರೆ ಪಟ್ಟು ಉದ್ದದ ದಾರ ತೆಗೆದುಕೊಳ್ಳಿ. ಒಳಗಿನಿಂದ ಮಧ್ಯದ ತೂತಿನಲ್ಲಿ ಹೊರಗೆ ಬನ್ನಿ, ಮೇಲಿನ ತೂತಿನಲ್ಲಿ ಒಳಗೆ ಹೋಗಿ. ಮಧ್ಯದ್ದನ್ನು ಬಿಟ್ಟು ಕೆಳಗಿನ ತೂತಿನಲ್ಲಿ ಹೊರಗೆ ಬನ್ನಿ, ಮತ್ತೆ ಮಧ್ಯದಲ್ಲಿ ಒಳಗೆ. ಈಗ ದಾರದ ಎರಡೂ ತುದಿ ಒಳಗಿರುತ್ತವೆ. ಉದ್ದನೆಯ ಹೊಲಿಗೆಯ ಆಚೆಗೊಂದು ಈಚೆಗೊಂದು ಬರುವ ಹಾಗೆ ಇಟ್ಟು, ಅದರ ಮೇಲೆ ಗಂಟು ಹಾಕಿ. ಅಂಟು ಬೇಡ, ಪಿನ್ ಬೇಡ, ಪೂರ್ತಿ ಬಿಚ್ಚಿಟ್ಟು ಬರೆಯಬಹುದು. ತೂತು ಹಾಕುವ ಕೆಲಸ ದೊಡ್ಡವರದು, ಹೊಲಿಗೆ ಮಕ್ಕಳದು. ತಾವೇ ಹೊಲಿದ ಪುಸ್ತಕವನ್ನು ಮಕ್ಕಳು ಎಷ್ಟು ಜೋಪಾನ ಮಾಡುತ್ತಾರೆ ನೋಡಿ!

ಡ್ರಾಯರಿಗೆ ರಟ್ಟಿನ ಡಬ್ಬಿ ಸಾಕು. ರಟ್ಟಿನೊಳಗೆ ಅಲೆಯಂಥ ಗೆರೆಗಳಿರುತ್ತವಲ್ಲ, ಆ ಗೆರೆಗಳು ನೆಟ್ಟಗೆ ನಿಲ್ಲುವಂತೆ ಕತ್ತರಿಸಿದರೆ ಗೋಡೆ ಗಟ್ಟಿ. ಹಾಗೆ ಕತ್ತರಿಸಿದ ಎರಡು ಪಟ್ಟಿಗಳಿಗೂ ಅರ್ಧ ಎತ್ತರದವರೆಗೆ ಸೀಳು ಹಾಕಿ, ಒಂದರ ಸೀಳು ಮೇಲೆ, ಇನ್ನೊಂದರದು ಕೆಳಗೆ ಬರುವಂತೆ ಒಂದಕ್ಕೊಂದು ಸಿಕ್ಕಿಸಿದರೆ ನಾಲ್ಕು ಖಾನೆ ಆಗುತ್ತದೆ.

*

ಪುಟ್ಟ ಮಕ್ಕಳಿಗೆ ಕಾಲುಚೀಲದ ಗೊಂಬೆ ಮಾಡುವವರಿಗೆ ಒಂದು ಮಾತು. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಕಣ್ಣಿಗೆ ಗುಂಡಿ, ಮಣಿ ಹಾಕಬೇಡಿ. ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದಾರದಿಂದಲೇ ಕಣ್ಣು ಮೂಗು ಹೊಲಿಯಿರಿ, ಇನ್ನೂ ಚೆನ್ನಾಗಿ ಕಾಣುತ್ತದೆ.

*

ಎಲ್ಲರಿಗೂ ಧನ್ಯವಾದ. ಕಾಲೊರೆಸಿಗೆ ಟಿ-ಶರ್ಟ್ ಆರಿಸಿ ಇಟ್ಟಾಯಿತು, ನೋಟ್‌ಬುಕ್ ಮಕ್ಕಳಿಗೆ. ಅತ್ತೆಯವರಿಗೆ ಬೆರಳು ನೋವು, ಸೂಜಿ ಹಿಡಿಯಲು ಆಗುವುದಿಲ್ಲ. ಆದರೆ ಸುಮ್ಮನೆ ಕೂರುವವರಲ್ಲ. ಅವರಿಗೆ ಏನಾದರೂ ಇದೆಯಾ?

*

ಹಳೆಯ ಪೇಪರಿನ ಬುಟ್ಟಿ ಹೇಳಿ. ನಮ್ಮಮ್ಮನಿಗೂ ಅದೇ ತೊಂದರೆ, ಅವರು ಖುಷಿಯಿಂದ ಮಾಡುತ್ತಾರೆ. ಪೇಪರಿನ ಪಟ್ಟಿಯನ್ನು ಒಂದು ಮೂಲೆಯಿಂದ ತೆಳ್ಳನೆಯ ಕಡ್ಡಿಗೆ ಓರೆಯಾಗಿ ಸುತ್ತಿ, ಕೊನೆಯ ಮೂಲೆಗೆ ಮಾತ್ರ ಅಂಟು ಹಚ್ಚಿ ಕಡ್ಡಿ ಎಳೆದುಬಿಡುವುದು. ಒಂದು ತುದಿ ಸಣ್ಣ ಆಗುತ್ತದೆ, ಅದನ್ನು ಇನ್ನೊಂದರ ದಪ್ಪ ತುದಿಗೆ ತೂರಿಸಿದರೆ ಉದ್ದ ಬೆಳೆಯುತ್ತದೆ. ಅತ್ತೆಯವರು ಕೊಳವೆ ಸುತ್ತಲಿ, ಬೇಕಾದಾಗ ನಿಲ್ಲಿಸಲಿ, ಹೆಣೆಯುವುದನ್ನು ನೀವು ಮಾಡಿ. ಬುಟ್ಟಿಯ ಸುತ್ತ ನೆಟ್ಟಗೆ ನಿಲ್ಲುವ ಕೊಳವೆಗಳು ಬೆಸ ಸಂಖ್ಯೆಯಲ್ಲಿರಲಿ, ಆಗ ಒಂದೇ ಎಳೆಯಲ್ಲಿ ಒಳಗೆ ಹೊರಗೆ ಹೆಣೆಯುತ್ತಾ ಸುತ್ತು ಬಂದಾಗ ಹಿಂದಿನ ಸಾಲಿಗೆ ಅದು ತಾನಾಗಿ ಅದಲುಬದಲಾಗುತ್ತದೆ.

ಅಂಟನ್ನು ಮನೆಯಲ್ಲೇ ಮಾಡಬಹುದು. ಒಂದು ಪಾಲು ಮೈದಾ, ಐದು ಪಾಲು ನೀರು. ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿಕೊಂಡು, ಉಳಿದ ನೀರು ಸೇರಿಸಿ, ತಿರುವುತ್ತಾ ಗಟ್ಟಿಯಾಗಿ ಸ್ವಲ್ಪ ಹೊಳಪು ಬರುವವರೆಗೆ ಕುದಿಸಿ. ಆದರೆ ಮೈದಾ ಅಂಟು ಪೂರ್ತಿ ಒಣಗದಿದ್ದರೆ ಬೂಸಲು ಬರುತ್ತದೆ. ಕೀಟಗಳಿಗೂ ಇಷ್ಟ. ಆದ್ದರಿಂದ ಬುಟ್ಟಿ ಚೆನ್ನಾಗಿ ಒಣಗಿದ ಮೇಲೆ, ಬಿಳಿ ಅಂಟಿಗೆ ಸ್ವಲ್ಪ ನೀರು ಬೆರೆಸಿ ಒಳಗೂ ಹೊರಗೂ ಎರಡು ಸಲ ಬಳಿಯಿರಿ. ಬಟ್ಟೆ ಕ್ಲಿಪ್ಪು, ಆಟಿಕೆ, ದಾರದುಂಡೆ ಎಲ್ಲಕ್ಕೂ ಆಗುತ್ತದೆ, ಬಚ್ಚಲಲ್ಲಿ ಮಾತ್ರ ಇಡಬೇಡಿ.