ಅಳಿಯನ ಮೊದಲ ಓವರ್‌ಕ್ಲಾಕಿಂಗ್ ಕಂಪ್ಯೂಟರ್: ಪಟ್ಟಿಯ ಬಗ್ಗೆ ನನ್ನ ಉತ್ತರ

ಎಲ್ಲರಿಗೂ ನಮಸ್ಕಾರ. ಅಕ್ಕ ನಿನ್ನೆ ರಾತ್ರಿ ಈ ಗ್ರೂಪಿನಲ್ಲಿ ಹಾಕಿದ ಪಟ್ಟಿಯನ್ನು ನೋಡಿದೆ. ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ, ನನ್ನ ಅಳಿಯ ಪುಟ್ಟ, ತಾನೇ ಜೋಡಿಸಿ, ತಾನೇ ಓವರ್‌ಕ್ಲಾಕ್ ಮಾಡಿ (ಅಂದರೆ ಪ್ರೊಸೆಸರ್ ಮುಂತಾದವನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಿ) ಕಲಿಯಲು ಒಂದು ಕಂಪ್ಯೂಟರ್ ಬೇಕೆಂದಿದ್ದಾನೆ. ಪಟ್ಟಿಯಲ್ಲಿ ಇಂಟೆಲ್ ಐ7-14700ಕೆ ಪ್ರೊಸೆಸರ್, ಬಿ760 ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್), ನಾಲ್ಕು ರ್‍ಯಾಮ್ ಸ್ಟಿಕ್ಕುಗಳು, ಹೆಸರೇ ಕೇಳದ ಕಂಪನಿಯ 550 ವಾಟ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟು ಕೊಡುವ ಘಟಕ) ಮತ್ತು ಮುಂಭಾಗ ಪೂರ್ತಿ ಗಾಜಿರುವ ಕ್ಯಾಬಿನೆಟ್ ಇವೆ. ಇದನ್ನು ಕೊಳ್ಳಬಹುದೇ ಎಂಬುದು ಅಕ್ಕನ ಪ್ರಶ್ನೆ. ಓವರ್‌ಕ್ಲಾಕ್ ಮಾಡಿದರೆ ಅರ್ಧದಷ್ಟು ಹೆಚ್ಚಿನ ವೇಗ ಪುಕ್ಕಟೆಯಾಗಿ ಸಿಗುತ್ತದೆಂದು ಆಫೀಸಿನವರೊಬ್ಬರು ಹೇಳಿದ್ದು ನಿಜವೇ ಎಂಬುದು ಭಾವನ ಪ್ರಶ್ನೆ. ವಾಯ್ಸ್ ಮೆಸೇಜಿನಲ್ಲಿ ಹೇಳಿದರೆ ಮಾಡೆಲ್ ಸಂಖ್ಯೆಗಳು ಕಿವಿಯಲ್ಲಿ ನಿಲ್ಲುವುದಿಲ್ಲವಾದ್ದರಿಂದ, ಉದ್ದವಾದರೂ ಬರೆದೇ ಕಳುಹಿಸುತ್ತಿದ್ದೇನೆ.

ಭಾವ, ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ, ಹಳೆಯ ಮಾತು. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು, ಬೋರ್ಡಿನ ಬಸ್ (ಪ್ರೊಸೆಸರಿಗೆ ತಾಳ ಹಾಕುವ ಮೂಲ ಗಡಿಯಾರ) ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ, 300ರ ಬದಲು 450 ಮೆಗಾಹರ್ಟ್ಸ್‌ನಲ್ಲಿ ಓಡಿಸುತ್ತಿದ್ದರು. ಈಗಿನ ಪ್ರೊಸೆಸರುಗಳು ಬಿಸಿ ಎಷ್ಟಿದೆ, ಕರೆಂಟು ಎಷ್ಟು ಸಿಗುತ್ತಿದೆ ಎಂದು ತಾವೇ ಅಳೆದುಕೊಂಡು, ಕ್ಷಣಕ್ಷಣವೂ ತಮ್ಮ ಮಿತಿಯ ಹತ್ತಿರಕ್ಕೆ ತಾವೇ ಏರುತ್ತವೆ. ನಮಗಾಗಿ ಉಳಿದಿರುವುದು ಶೇಕಡಾ ಕೆಲವಷ್ಟೇ. ಆದ್ದರಿಂದ ಹಣ ಉಳಿಸುವ ಉಪಾಯವೆಂದು ಇದಕ್ಕೆ ಇಳಿಯಬೇಡಿ. ಹುಡುಗ ಕಲಿಯಲಿ ಎಂಬ ಉದ್ದೇಶವಿದ್ದರೆ ಖಂಡಿತ ಕೊಡಿಸಿ. ಆ ಉದ್ದೇಶಕ್ಕೆ ದೊಡ್ಡ ಪ್ರೊಸೆಸರ್ ಬೇಕಾಗಿಲ್ಲ. ಪ್ರೊಸೆಸರನ್ನು ಮಧ್ಯಮ ದರ್ಜೆಯದಾಗಿಟ್ಟು, ಅದರ ಸುತ್ತಲಿನ ಬೋರ್ಡ್, ಕೂಲರ್, ಎಸ್‌ಎಂಪಿಎಸ್‌ಗಳಿಗೆ ಹಣ ಹಾಕಬೇಕು ಎನ್ನುವುದು ನನ್ನ ಅಭಿಪ್ರಾಯ. ಪಟ್ಟಿಯಲ್ಲಿ ಇದು ತಿರುಗುಮುರುಗಾಗಿದೆ.

ಪುಟ್ಟಾ, ನಿನ್ನ ಪಟ್ಟಿಯ ದೊಡ್ಡ ತೊಡಕು ಮೊದಲ ಎರಡು ಸಾಲುಗಳಲ್ಲೇ ಇದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರುಗಳ ಮಲ್ಟಿಪ್ಲೈಯರನ್ನು (ಬೋರ್ಡಿನ ಮೂಲ ವೇಗವನ್ನು ಎಷ್ಟು ಪಟ್ಟು ಮಾಡಬೇಕೆಂಬ ಸಂಖ್ಯೆಯನ್ನು) ಬದಲಿಸಬಹುದು, ಆದರೆ ಅದಕ್ಕೆ ಝಡ್ ಸಾಲಿನ ಬೋರ್ಡ್, ಅಂದರೆ ಇದಕ್ಕೆ ಝಡ್690 ಅಥವಾ ಝಡ್790, ಇರಲೇಬೇಕು. ಬಿ760ರಲ್ಲಿ ರ್‍ಯಾಮಿನ ವೇಗ ಏರಿಸಬಹುದೇ ಹೊರತು ಪ್ರೊಸೆಸರಿನದನ್ನಲ್ಲ. ನೀನು ಕೆ ಅಕ್ಷರಕ್ಕೆ ಹೆಚ್ಚಿನ ದುಡ್ಡು ಕೊಟ್ಟು, ಅದನ್ನು ಬಳಸಲಾಗದ ಬೋರ್ಡಿನ ಮೇಲೆ ಕೂರಿಸಲು ಹೊರಟಿದ್ದೀ. ಮೇಲಾಗಿ 14700ಕೆ ಪೂರ್ತಿ ಭಾರದಲ್ಲಿ 253 ವಾಟ್‌ವರೆಗೆ ಎಳೆಯುವಂತೆ ರೂಪಿಸಿದ ಪ್ರೊಸೆಸರ್. ಮೊದಲ ಬಾರಿ ಕೈ ಹಾಕುವವನಿಗೆ ಆ ಬಿಸಿಯನ್ನು ಪಳಗಿಸುವುದರಲ್ಲೇ ಉತ್ಸಾಹ ಇಳಿದುಹೋಗುತ್ತದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರುಗಳಲ್ಲಿ ಅತಿಯಾದ ವೋಲ್ಟೇಜಿನಿಂದ ಅಸ್ಥಿರತೆ ಕಾಣಿಸಿಕೊಂಡು, 2024ರ ಆಗಸ್ಟ್‌ನಲ್ಲಿ ಕಂಪನಿ ಹೊಸ ಮೈಕ್ರೋಕೋಡ್ (ಪ್ರೊಸೆಸರನ್ನು ಒಳಗಿನಿಂದ ತಿದ್ದುವ ತಂತ್ರಾಂಶ) ಬಿಡುಗಡೆ ಮಾಡಿದ್ದೂ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿದ್ದೂ ನಿನಗೆ ಗೊತ್ತಿರಬಹುದು. ಅದಿರುವ ಹೊಸ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಹಾಕಿದರೆ 14700ಕೆಯನ್ನು ಬಳಸಬಾರದೆಂದೇನಿಲ್ಲ, ಆದರೆ ವೋಲ್ಟೇಜಿನ ಜೊತೆ ಆಟವಾಡಿ ಕಲಿಯುವವನಿಗೆ ಅದು ಒಳ್ಳೆಯ ಆರಂಭವಲ್ಲ.

ನನ್ನ ಸಲಹೆ ಎಎಂಡಿ ರೈಜೆನ್ 5 7600 ಮತ್ತು ಒಂದು ಒಳ್ಳೆಯ ಬಿ650 ಬೋರ್ಡ್. ಇದು ಆರು ಕೋರ್‌ಗಳ, 65 ವಾಟ್ ಎಂದು ನಮೂದಾದ ಪ್ರೊಸೆಸರ್. ಮಲ್ಟಿಪ್ಲೈಯರ್ ತೆರೆದಿದೆ, ವೋಲ್ಟೇಜ್ ತಿದ್ದಬಹುದು, ಮುಂದೆ ಅದೇ ಬೋರ್ಡಿನಲ್ಲಿ ಇದಕ್ಕಿಂತ ದೊಡ್ಡದನ್ನೂ ಕೂರಿಸಬಹುದು. ಎ620 ಎಂಬ ಅಗ್ಗದ ಬೋರ್ಡ್ ತೋರಿಸಿದರೆ ಒಪ್ಪಬೇಡ, ಅದರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ಆಟಕ್ಕೆ ಅತ್ಯುತ್ತಮವೆಂದು ಸ್ನೇಹಿತರು ಹೊಗಳುವ 7800ಎಕ್ಸ್3ಡಿಯಲ್ಲೂ ಮಲ್ಟಿಪ್ಲೈಯರ್ ಮುಚ್ಚಿದೆ. ಆಟ ಆಡುವುದಷ್ಟೇ ಗುರಿಯಾಗಿದ್ದರೆ ಅದು ಸರಿ, ನಿನ್ನ ಗುರಿ ಬೇರೆ.

ಬೋರ್ಡ್ ಆರಿಸುವಾಗ ಬಣ್ಣದ ದೀಪಗಳನ್ನು ಮರೆತು, ಪ್ರೊಸೆಸರ್ ಕೂರುವ ಜಾಗದ ಎಡಕ್ಕೂ ಮೇಲಕ್ಕೂ ಇರುವ ವಿಆರ್‌ಎಂ ಭಾಗವನ್ನು ನೋಡು. ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಸುಮಾರು 1.2 ವೋಲ್ಟಿಗೆ ಇಳಿಸಿ ಪ್ರೊಸೆಸರಿಗೆ ಕೊಡುವುದು ಅದೇ. 120 ವಾಟ್ ಭಾರವೆಂದರೆ ಅಲ್ಲಿ 100 ಆಂಪಿಯರ್ ಹರಿಯುತ್ತಿದೆ ಎಂದರ್ಥ. ನಮ್ಮ ಮನೆಯ ಮೇನ್ ಸ್ವಿಚ್ಚಿನಲ್ಲೂ ಅಷ್ಟು ಹರಿಯುವುದಿಲ್ಲ. ಆದ್ದರಿಂದ ಅದರ ಮೇಲೆ ತೂಕವಿರುವ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಇರಬೇಕು. ಹಿಂಭಾಗದಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ (ಪೆನ್‌ಡ್ರೈವಿನಿಂದ ಬಯೋಸ್ ಹಾಕಲು), ಸುಲಭವಾಗಿ ಕೈಗೆ ಸಿಗುವ ಕ್ಲಿಯರ್ ಸಿಮೋಸ್ (ಬಯೋಸ್ ಸೆಟ್ಟಿಂಗುಗಳನ್ನು ಮೊದಲಿನಂತೆ ಮಾಡಲು), ಮತ್ತು ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ಸೂಚಕ ದೀಪಗಳು ಇವೆಯೇ ಎಂದೂ ನೋಡಿಕೋ. ಸೆಟ್ಟಿಂಗ್ ಹೆಚ್ಚು ಕಡಿಮೆಯಾಗಿ ಪರದೆ ಕಪ್ಪಾದಾಗ, ತೊಡಕು ಎಲ್ಲಿದೆ ಎಂದು ತೋರಿಸುವುದು ಆ ದೀಪಗಳೇ.

ಇನ್ನು ಬಿಸಿಯ ವಿಷಯ. ಯೂಟ್ಯೂಬಿನಲ್ಲಿ ತೋರಿಸುವ ಪರೀಕ್ಷೆಗಳು ಹೆಚ್ಚಾಗಿ 20ರಿಂದ 25 ಡಿಗ್ರಿಯ ಕೋಣೆಗಳಲ್ಲಿ ನಡೆಯುತ್ತವೆ. ಮಲ್ಪೆಯ ನಿಮ್ಮ ಮನೆಯ ಮೇಲಂತಸ್ತಿನ ಕೋಣೆಯಲ್ಲಿ, ಹೆಂಚಿನ ಮಾಡಿನ ಕೆಳಗೆ, ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಗೆ ಕಡಿಮೆ ಇರುವುದಿಲ್ಲ. ಗಾಳಿಯ ಕೂಲರ್ ಆಗಲಿ, ನೀರಿನ ಕೂಲರ್ ಆಗಲಿ, ಕೋಣೆಯ ಬಿಸಿಗಿಂತ ಕೆಳಗೆ ಇಳಿಸಲಾರದು. ಕೋಣೆ ಹತ್ತು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಹತ್ತು ಡಿಗ್ರಿ ಏರುತ್ತದೆ. ಈ ಪ್ರೊಸೆಸರಿನ ಮಿತಿ 95 ಡಿಗ್ರಿ. ವಾಟ್ ಏರುವುದು ವೇಗಕ್ಕೆ ಸರಿಸಮವಾಗಿ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ: ವೋಲ್ಟೇಜ್ ಶೇಕಡಾ 10, ವೇಗ ಶೇಕಡಾ 5 ಏರಿಸಿದರೆ ಬಿಸಿ ಸುಮಾರು ಶೇಕಡಾ 27 ಹೆಚ್ಚಾಗುತ್ತದೆ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಕರಾವಳಿಯಲ್ಲಿ ವೋಲ್ಟೇಜ್ ಏರಿಸುವುದಕ್ಕಿಂತ ಇಳಿಸಿ ವೇಗ ಪಡೆಯುವುದೇ ಜಾಣತನವೆಂದು ತಿಳಿಯುತ್ತದೆ. ಎಎಂಡಿಯ ಬಯೋಸಿನಲ್ಲಿ ಪಿಬಿಒ (ಪ್ರೊಸೆಸರ್ ತಾನೇ ಏರುವ ಮಿತಿಗಳನ್ನು ತಿದ್ದುವ ಜಾಗ) ಒಳಗೆ ಕರ್ವ್ ಆಪ್ಟಿಮೈಸರ್ ಎಂಬುದಿದೆ. ಅದರಲ್ಲಿ ಮೈನಸ್ 10ರಿಂದ ಶುರು ಮಾಡಿದರೆ, ಪ್ರೊಸೆಸರ್ ಅದೇ ವೇಗಕ್ಕೆ ಕಡಿಮೆ ವೋಲ್ಟೇಜ್ ಬಳಸಿ, ಉಳಿದ ಅವಕಾಶದಲ್ಲಿ ತಾನೇ ಇನ್ನಷ್ಟು ಏರುತ್ತದೆ. ಇದೂ ಓವರ್‌ಕ್ಲಾಕಿಂಗೇ, ಮತ್ತು ನನ್ನ ಮಟ್ಟಿಗೆ ಇಂದಿನ ದಿನಗಳಲ್ಲಿ ಅದರ ಉತ್ತಮ ರೂಪ.

ಪ್ರೊಸೆಸರಿನ ಪೆಟ್ಟಿಗೆಯಲ್ಲೇ ಒಂದು ಸಣ್ಣ ಕೂಲರ್ ಬರುತ್ತದೆ, ಅದು ಕಲಿಕೆಗೆ ಸಾಲದು. 120 ಮಿಲಿಮೀಟರ್ ಫ್ಯಾನಿನ, ನಾಲ್ಕರಿಂದ ಆರು ಹೀಟ್ ಪೈಪುಗಳಿರುವ ಟವರ್ ಕೂಲರ್ ಒಂದನ್ನು ತೆಗೆದುಕೋ. ಇವು 155 ಮಿಲಿಮೀಟರ್ ಆಸುಪಾಸು ಎತ್ತರವಿರುತ್ತವೆ, ಕ್ಯಾಬಿನೆಟ್ ಬಾಗಿಲು ಮುಚ್ಚುತ್ತದೆಯೇ ಎಂದು ಮೊದಲೇ ಅಳೆದುಕೋ. ಈ ವಾಟೇಜಿಗೆ ನೀರಿನ ಕೂಲರ್ ಅನಗತ್ಯ ಖರ್ಚು. ಕ್ಯಾಬಿನೆಟ್ಟಿಗೆ ಗಾಜಿನ ಬದಲು ಜಾಲರಿಯ ಮುಂಭಾಗವೂ, ಬಿಚ್ಚಿ ತೊಳೆಯಬಹುದಾದ ಫಿಲ್ಟರೂ ಇರಲಿ. ಮಳೆಗಾಲದಲ್ಲಿ ಉಪ್ಪಿನಂಶದ ತೇವ ಧೂಳಿನ ಜೊತೆ ಸೇರಿದರೆ ಬೋರ್ಡಿಗೆ ಒಳ್ಳೆಯದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೊಮ್ಮೆಯಾದರೂ ಯಂತ್ರವನ್ನು ಚಾಲೂ ಮಾಡಿ ಒಳಗನ್ನು ಬೆಚ್ಚಗಿಡಬೇಕು. ಹಿಂಬದಿಯಲ್ಲಿ ಖಾಲಿ ಉಳಿದ ಸ್ಲಾಟುಗಳಿಗೆ ತಗಡು ಹಾಕಿಸು, ನಮ್ಮ ಮನೆಗಳ ಹಲ್ಲಿಗಳಿಗೆ ಬೆಚ್ಚನೆಯ ಜಾಗವೆಂದರೆ ಬಹಳ ಪ್ರೀತಿ.

ರ್‍ಯಾಮ್ ವಿಚಾರದಲ್ಲಿ ನಾಲ್ಕು ಸ್ಟಿಕ್ಕುಗಳನ್ನು ಕೈಬಿಟ್ಟು, ಒಂದೇ ಪ್ಯಾಕಿನ 16 ಜಿಬಿಯ ಎರಡನ್ನು ತೆಗೆದುಕೋ. ಡಿಡಿಆರ್5ನಲ್ಲಿ ನಾಲ್ಕೂ ಜಾಗ ತುಂಬಿದರೆ ವೇಗ ಇಳಿಸಬೇಕಾಗುತ್ತದೆ. 6000 ವೇಗದ, ಎಕ್ಸ್‌ಪೋ ಪ್ರೊಫೈಲ್ (ಆ ವೇಗಕ್ಕೆ ಬೇಕಾದ ಸಿದ್ಧ ಸೆಟ್ಟಿಂಗು) ಇರುವ ಪ್ಯಾಕ್ ಈ ಪ್ರೊಸೆಸರಿಗೆ ಹೊಂದುತ್ತದೆ. ಎಕ್ಸ್‌ಪೋ ಚಾಲೂ ಮಾಡುವುದೂ ಓವರ್‌ಕ್ಲಾಕ್ ಎಂದೇ ಲೆಕ್ಕ; 1.1 ವೋಲ್ಟಿನಲ್ಲಿ ಕೆಲಸ ಮಾಡಬೇಕಾದ ರ್‍ಯಾಮಿಗೆ ಸಾಮಾನ್ಯವಾಗಿ 1.35 ವೋಲ್ಟಿನಷ್ಟು ಕೊಡುತ್ತೇವೆ. ಎಸ್‌ಒಸಿ (ಪ್ರೊಸೆಸರಿನೊಳಗೆ ರ್‍ಯಾಮನ್ನು ನಿಭಾಯಿಸುವ ಭಾಗ) ವೋಲ್ಟೇಜನ್ನು ಮಾತ್ರ 1.3ಕ್ಕಿಂತ ಮೇಲೆ ಒಯ್ಯಬಾರದು. 2023ರಲ್ಲಿ ಕೆಲವು 7000 ಸಾಲಿನ ಪ್ರೊಸೆಸರುಗಳು ಸುಟ್ಟುಹೋದ ಬಳಿಕ ಎಎಂಡಿಯೇ ಈ ಗಡಿ ಹಾಕಿತು, ಆದ್ದರಿಂದ ಜೋಡಿಸಿದ ದಿನವೇ ಬಯೋಸ್ ಅಪ್‌ಡೇಟ್ ಮಾಡು. ಮೊದಲ ಬಾರಿ ಆನ್ ಮಾಡಿದಾಗ ರ್‍ಯಾಮ್ ಟ್ರೈನಿಂಗ್ (ರ್‍ಯಾಮಿಗೆ ಹೊಂದುವ ಸೆಟ್ಟಿಂಗನ್ನು ಬೋರ್ಡ್ ಹುಡುಕುವುದು) ನಡೆದು ಕೆಲವು ನಿಮಿಷ ಪರದೆಯಲ್ಲಿ ಏನೂ ಬಾರದು. ಗಾಬರಿಯಾಗಿ ಸ್ವಿಚ್ ಒತ್ತಬೇಡ.

ಅಕ್ಕ, ಎಸ್‌ಎಂಪಿಎಸ್ ವಿಷಯದಲ್ಲಿ ಚೌಕಾಸಿ ಬೇಡ. ಹೆಸರಾಂತ ಕಂಪನಿಯ, 80 ಪ್ಲಸ್ ಗೋಲ್ಡ್ ಎಂಬ ದಕ್ಷತೆಯ ಗುರುತಿನ 650 ವಾಟ್ ಸಾಕು. ಅದಕ್ಕಿಂತ ಮುಖ್ಯವಾಗಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಆ ಕೋಣೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಇದೆಯೇ ಎಂದು ಪರೀಕ್ಷಿಸಿ ನೋಡಿ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಝುಮ್ಮೆಂದರೆ ಅದು ಇಲ್ಲವೆಂದೇ ತಿಳಿಯಿರಿ. ಈಗ ಮನೆಯಲ್ಲಿರುವ 600 ವಿಎ ಯುಪಿಎಸ್ ಸುಮಾರು 360 ವಾಟ್ ಮಾತ್ರ ಕೊಡಬಲ್ಲದು, ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ 1000 ವಿಎ ಬೇಕು. ಬಯೋಸ್ ಅಪ್‌ಡೇಟ್ ನಡುವೆ ಮೆಸ್ಕಾಂ ಕರೆಂಟು ಹೋದರೆ ಬೋರ್ಡೇ ಕೈಕೊಡಬಹುದು. ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಜೊತೆಗೆ ರೂಟರಿನಿಂದ ಬರುವ ಲ್ಯಾನ್ ವೈರನ್ನೂ ತೆಗೆದಿಡಿ.

ಗ್ರಾಫಿಕ್ಸ್ ಕಾರ್ಡ್ ನಿಮ್ಮ ಬಜೆಟ್ಟಿಗೆ ಬಿಟ್ಟದ್ದು. ಅದರ ಓವರ್‌ಕ್ಲಾಕಿಂಗ್ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಮುಗಿಯುತ್ತದೆ. ಎಸ್‌ಎಸ್‌ಡಿ ಯಾವುದಾದರೂ ಒಳ್ಳೆಯದಿರಲಿ.

ಭಾವ, ಓವರ್‌ಕ್ಲಾಕಿಂಗ್‌ನಿಂದ ಆದ ಹಾನಿಗೆ ಎಎಂಡಿಯ ವಾರಂಟಿ ಅನ್ವಯಿಸುವುದಿಲ್ಲ ಎಂಬುದನ್ನು ಹುಡುಗನ ಎದುರೇ ಹೇಳುತ್ತಿದ್ದೇನೆ. ಆದ್ದರಿಂದ ಪುಟ್ಟಾ, ಮೊದಲ ವಾರ ಏನನ್ನೂ ಬದಲಿಸದೆ ಓಡಿಸಿ, ಸಿನಿಬೆಂಚ್ ಎಂಬ ವೇಗ ಪರೀಕ್ಷೆಯ ಅಂಕವನ್ನೂ ಎಚ್‌ಡಬ್ಲ್ಯುಇನ್ಫೋ ತೋರಿಸುವ ಬಿಸಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡು. ಬಳಿಕ ಎಕ್ಸ್‌ಪೋ ಹಾಕಿ ಮೆಮ್‌ಟೆಸ್ಟ್86 ಎಂಬ ರ್‍ಯಾಮ್ ಪರೀಕ್ಷೆ ಓಡಿಸು. ಅದು ಪಾಸಾದ ಮೇಲೆಯೇ ಕರ್ವ್ ಆಪ್ಟಿಮೈಸರಿಗೆ ಕೈ ಹಾಕು, ಒಂದು ಸಲಕ್ಕೆ ಒಂದೇ ಬದಲಾವಣೆ. ಪರದೆಯಲ್ಲಿ ಮೆಗಾಹರ್ಟ್ಸ್ ಏರಿದ್ದರೂ ಅಂಕ ಇಳಿದಿದ್ದರೆ ವೋಲ್ಟೇಜ್ ಸಾಲುತ್ತಿಲ್ಲವೆಂದು ತಿಳಿದು ಒಂದು ಹೆಜ್ಜೆ ಹಿಂದಕ್ಕೆ ಬಾ. ಡಿಸೆಂಬರಿನ ರಾತ್ರಿ ಪಾಸಾದ ಸೆಟ್ಟಿಂಗನ್ನು, ವಿಶೇಷವಾಗಿ ರ್‍ಯಾಮಿನದನ್ನು, ಏಪ್ರಿಲಿನ ಮಧ್ಯಾಹ್ನ ಮತ್ತೊಮ್ಮೆ ಪರೀಕ್ಷಿಸಲೇಬೇಕು. ಬಿಸಿಯಾದ ರ್‍ಯಾಮ್ ನೀಲಿ ಪರದೆ ತೋರಿಸದೆಯೂ ಫೈಲುಗಳನ್ನು ಕೆಡಿಸಬಲ್ಲದು. ಕಾಲೇಜಿನ ಪ್ರಾಜೆಕ್ಟುಗಳ ಪ್ರತಿಯನ್ನು ಬೇರೆ ಡ್ರೈವಿನಲ್ಲಿ ಇಟ್ಟುಕೋ.

ಹೊಸ ಪಟ್ಟಿ ಮಾಡಿ ಇಲ್ಲೇ ಹಾಕು. ಮಂಗಳೂರಿನ ಒಂದೆರಡು ಅಂಗಡಿಗಳಲ್ಲೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ದರ ವಿಚಾರಿಸಿ; ಎಲ್ಲಿ ಕೊಂಡರೂ ಪ್ರತಿಯೊಂದು ಭಾಗದ ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.